ಕಾಳು ಆರಿಸುವ ಚಿಕಿತ್ಸೆ

ಸ್ಕಿಜೋಫ್ರೇನಿಯಾಕ್ಕೆ ಜರ್ಮನಿಯ ಎಮಿಲ್ ಕ್ರೇಪೆಲಿನ್ ಇಟ್ಟಿದ್ದ ಹೆಸರು 'ಡಿಮೆನ್ಷಿಯಾ ಪ್ರೀಕಾಕ್ಸ್'. ಅಂದರೆ ಹರೆಯದಲ್ಲೇ ಬರುವ ಮತಿಕ್ಷಯ. ಎಲ್ಲರೂ ಹಾಗೆ ಕುಸಿಯುವುದಿಲ್ಲ ಎಂದು ಕಂಡ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ 1908ರಲ್ಲಿ ಈಗಿನ ಹೆಸರು ಕೊಟ್ಟರು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಝೀನ್ ಬಂತು. ಕಿವಿಯೊಳಗಿನ ದನಿಗಳು ಅಡಗಿದವು, ಸಂಶಯ ತಗ್ಗಿತು. ಗಮನ, ನೆನಪು, ಹಿಡಿದ ಕೆಲಸವನ್ನು ಯೋಚಿಸಿ ಮುಗಿಸುವ ಶಕ್ತಿ ಮಾತ್ರ ಅಷ್ಟಾಗಿ ಮರಳಲಿಲ್ಲ. 'ಹುಷಾರಾಗಿ' ಮನೆಗೆ ಬಂದ ಮಗ ಅಂಗಡಿಯಿಂದ ತರಬೇಕಾದ ಮೂರು ಸಾಮಾನಿನಲ್ಲಿ ಎರಡನ್ನು ಮರೆಯುತ್ತಾನೆ. ಮನೆಯವರು ಅದಕ್ಕೆ ಸೋಮಾರಿತನ ಎನ್ನುತ್ತಾರೆ. ಅದು ಕಾಯಿಲೆಯದೇ ಭಾಗ.

ಇದಕ್ಕೆ ಪಶ್ಚಿಮದಲ್ಲಿ ಕಂಪ್ಯೂಟರ್ ಅಭ್ಯಾಸಗಳು ಬಂದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ಕಾಗದ, ಪೆನ್ಸಿಲ್, ಅಡುಗೆಮನೆಯ ಕಾಳು ಹಿಡಿದರು. ಬೆರೆತ ಕಾಳುಗಳನ್ನು ಬೇರೆ ಮಾಡುವುದು, ಸಾಲುಗಳಲ್ಲಿ ಹೇಳಿದ ಅಕ್ಷರವನ್ನಷ್ಟೇ ಹುಡುಕಿ ಹೊಡೆದುಹಾಕುವುದು, ರೂಢಿಯಾದಂತೆ ಕಷ್ಟ ಹೆಚ್ಚಿಸುವುದು. ಮಕ್ಕಳಾಟದಂತೆ ಕಾಣುತ್ತದೆ, ಅಲೆಯುವ ಗಮನಕ್ಕೆ ಅದು ದೊಡ್ಡ ದುಡಿಮೆ.

ಶಾಂತಲಾ ಹೆಗ್ಡೆ, ರಾವ್, ಅಹಲ್ಯಾ ರಘುರಾಮ್, ಬಿ.ಎನ್. ಗಂಗಾಧರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಯಿಲೆ ಮೊದಲ ಸಲ ಕಾಣಿಸಿಕೊಂಡ 45 ಮಂದಿ ಇದ್ದರು. 22 ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಎರಡು ತಿಂಗಳು ಮನೆಯಲ್ಲೇ ಅಭ್ಯಾಸ. ಉಳಿದ 23 ಮಂದಿಗೆ ಎಂದಿನ ಚಿಕಿತ್ಸೆಯಷ್ಟೇ. ಮಾತ್ರೆಯನ್ನು ಯಾರಿಗೂ ಬಿಡಿಸಲಿಲ್ಲ. ಅಭ್ಯಾಸ ಮಾಡಿದವರಲ್ಲಿ ಎರಡು ಕಡೆ ಗಮನ ಕೊಡುವುದು, ನಿಯಮ ಬದಲಾದಾಗ ಹೊಂದಿಕೊಳ್ಳುವುದು, ಯೋಜಿಸುವುದು ಸುಧಾರಿಸಿತು. ಆರು ತಿಂಗಳ ನಂತರದ ಪರೀಕ್ಷೆಯವರೆಗೆ ಹಲವರು ಉಳಿಯಲಿಲ್ಲ. ಖರ್ಚು ಕಾಳಿನಷ್ಟೇ, ನಿಜ. ಆದರೆ ದಿನವೂ ಎದುರು ಕೂರಲು ಮನೆಯಲ್ಲಿ ಒಬ್ಬರು ಬೇಕು, ಸಾಮಾನ್ಯವಾಗಿ ಆ ಒಬ್ಬರು ತಾಯಿ.