ಗುಟ್ಟಿನ ಮಾತಿನ ಕಥೆ

ವಾಚಕರೇ, ಕಾರವಾರದಿಂದ ಮುಂಬಯಿಗೋ ಅಂಕೋಲೆಯಿಂದ ಮಂಗಳೂರಿಗೋ ಹೋಗಲು ರೈಲಿನ ಟಿಕೆಟ್ಟು ಬೇಕಾಗಿದೆಯೆಂದು ಇಟ್ಟುಕೊಳ್ಳಿ. ೧೯೯೮ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದಂದಿನಿಂದ ಈ ಊರುಗಳ ಜನರಿಗೆ ರೈಲು ಹೊಸತಲ್ಲ. ಆದರೆ ಟಿಕೆಟ್ಟಿನ ಕಿಟಕಿ ಈಗ ನಿಮ್ಮ ಕಿಸೆಯ ಮೊಬೈಲಿನೊಳಗೇ ಬಂದು ಕುಳಿತಿದೆ. ಆ ಕಿಟಕಿ ತೆರೆಯಬೇಕಾದರೆ ಮೊದಲು ನಿಮ್ಮ ಹೆಸರು, ಆಮೇಲೆ ಪಾಸ್‌ವರ್ಡ್ ಎಂಬ ಗುಟ್ಟಿನ ಮಾತು. ಹೆಸರು ಬರೆದರೆ ಅಕ್ಷರಗಳು ಕಾಣುತ್ತವೆ. ಗುಟ್ಟಿನ ಮಾತು ಬರೆದರೆ ಕಾಣುವುದು ಬರಿಯ ಚುಕ್ಕೆಗಳ ಸಾಲು. ಆ ಸಾಲಿನ ಕೊನೆಯಲ್ಲಿ ಅನೇಕ ಕಡೆ ಒಂದು ಚಿಕ್ಕ ಕಣ್ಣಿನ ಚಿತ್ರವಿರುತ್ತದೆ. ಅದನ್ನು ಒತ್ತಿದರೆ ಚುಕ್ಕೆಗಳು ಹೋಗಿ ಅಕ್ಷರಗಳು ಮೂಡುತ್ತವೆ. ಮತ್ತೆ ಒತ್ತಿದರೆ ಮತ್ತೆ ಮರೆ. ಈ ಚುಕ್ಕೆಗಳು ಎಲ್ಲಿಂದ ಬಂದವು, ಈ ಕಣ್ಣು ಏಕೆ ಬೇಕಾಯಿತು ಎಂಬುದನ್ನು ನೋಡೋಣ.

ತಾನು ಇಂಥವನೇ ಎಂದು ತೋರಿಸಿಕೊಡಲು ಎರಡು ದಾರಿಗಳುಂಟು: ಕೈಯಲ್ಲಿರುವ ವಸ್ತು ಒಂದು, ಮನಸ್ಸಿನಲ್ಲಿರುವ ಮಾತು ಇನ್ನೊಂದು. ನಮ್ಮ ಉತ್ತರ ಕನ್ನಡದಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹನುಮಂತನು ಅಶೋಕವನದಲ್ಲಿ ರಾಮನಾಮಾಂಕಿತವಾದ ಉಂಗುರವನ್ನು ಸೀತೆಗೆ ತೋರಿಸುತ್ತಾನೆ. ಅದು ವಸ್ತುವಿನ ಗುರುತು. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಸೀತೆ ಚೂಡಾಮಣಿಯನ್ನು ಕೊಡುವ ಮೊದಲು ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ ಕಥೆಯನ್ನು ಹೇಳಿ, ಇದನ್ನು ರಾಮನಿಗೆ ತಿಳಿಸೆನ್ನುತ್ತಾಳೆ. ಅದು ಅವರಿಬ್ಬರ ನಡುವಿನ ಮಾತು. ಉಂಗುರವನ್ನು ಕದಿಯಬಹುದು, ಮನಸ್ಸಿನಲ್ಲಿರುವ ಮಾತನ್ನು ಕದಿಯುವುದು ಅಷ್ಟು ಸುಲಭವಲ್ಲ.

ರೋಮನರ ದಂಡಿನಲ್ಲಿಯೂ ರಾತ್ರಿಯ ಕಾವಲಿಗೆ ಗುಟ್ಟಿನ ಮಾತೊಂದಿತ್ತು. ಅದನ್ನು ಮರದ ಹಲಗೆಯ ಮೇಲೆ ಬರೆದು ತುಕಡಿಯಿಂದ ತುಕಡಿಗೆ ದಾಟಿಸಿ, ಕತ್ತಲಾಗುವ ಮೊದಲು ಅಧಿಕಾರಿಯ ಕೈಗೆ ಮರಳಿಸುತ್ತಿದ್ದರೆಂದು ಪೊಲಿಬಿಯಸ್ ಎಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಲಗೆ ಹೊರಗಿನವರಿಗೆ ಮರೆ. ಆದರೆ ಅದನ್ನು ಹಿಡಿದವನಿಗೆ ಅಕ್ಷರಗಳು ಸ್ಪಷ್ಟ. ಗುಟ್ಟಿನ ಮಾತನ್ನು ಅದರ ಒಡೆಯನಿಂದಲೇ ಬಚ್ಚಿಡುವ ಪದ್ಧತಿ ಆಗ ಇರಲಿಲ್ಲ.

ಆ ಪದ್ಧತಿ ಬಂದದ್ದು ಗಣಕಯಂತ್ರದ ಕಾಲದಲ್ಲಿ. ೧೯೬೧ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಮತ್ತು ಅವರ ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಹಲವರ ಕಾಗದಪತ್ರಗಳು ಒಂದೇ ಮನೆಯಲ್ಲಿದ್ದ ಮೇಲೆ ಪ್ರತಿಯೊಬ್ಬರ ಪೆಟ್ಟಿಗೆಗೂ ಬೇರೆ ಬೀಗ ಬೇಕಲ್ಲವೆ? ಹೀಗೆ ಪಾಸ್‌ವರ್ಡ್ ಬಂದಿತು. ಅಂದು ಬೆಳಗುವ ಪರದೆ ಇರಲಿಲ್ಲ. ಬೆರಳಚ್ಚಿನಂಥ ಯಂತ್ರವಿತ್ತು, ಒತ್ತಿದ್ದೆಲ್ಲ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಕಾಗದವನ್ನು ಅಲ್ಲಿಯೇ ಬಿಟ್ಟು ಎದ್ದು ಹೋದರೆ ಮುಂದೆ ಬಂದವನು ಗುಟ್ಟನ್ನು ಓದಿಬಿಡಬಹುದು. ಆದುದರಿಂದ ಪಾಸ್‌ವರ್ಡ್ ಬರೆಯುವ ಹೊತ್ತಿಗೆ ಸಾಧ್ಯವಿದ್ದಲ್ಲಿ ಅಚ್ಚನ್ನೇ ನಿಲ್ಲಿಸುತ್ತಿದ್ದರು. ಅಚ್ಚು ನಿಲ್ಲಿಸಲಾಗದ ಯಂತ್ರಗಳಲ್ಲಿ ಒಂದರ ಮೇಲೊಂದು ಅಕ್ಷರಗಳನ್ನು ಮೊದಲೇ ಹೊಡೆದು, ಆ ಕಪ್ಪು ಪಟ್ಟಿಯ ಮೇಲೆ ಗುಟ್ಟನ್ನು ಬರೆಸುವ ಉಪಾಯವೂ ಮುಂದೆ ಬಂದಿತು. ನಾವಿಂದು ಕಾಣುವ ಚುಕ್ಕೆಗಳ ಪೂರ್ವಜರು ಇವೇ.

ಹಾಗೆ ಕಣ್ಣಿಗೆ ಮರೆಮಾಡಿದ ಮಾತ್ರಕ್ಕೆ ಗುಟ್ಟು ಉಳಿಯಿತೇ? ಇಲ್ಲ. ೧೯೬೨ರಲ್ಲಿ ಆಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ಯಂತ್ರದಲ್ಲಿ ತನಗೆ ಇನ್ನಷ್ಟು ಹೊತ್ತು ಸಿಗಲೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡ. ಅದನ್ನು ಎಷ್ಟೋ ವರ್ಷಗಳ ಮೇಲೆ ತಾನೇ ಹೇಳಿದ. ೧೯೬೬ರಲ್ಲಿ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆ ಬರಬೇಕಾದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಪ್ರಕಟವಾದುವು! ಮುಂಬಾಗಿಲಿಗೆ ಪರದೆ ಕಟ್ಟಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಹಾಗಾಯಿತು. ಚುಕ್ಕೆಗಳು ಪಕ್ಕದವರ ಕಣ್ಣಿಗೆ ಮಾತ್ರ ಮರೆ. ಮಾತು ತಂತಿಯಲ್ಲಿ ಸಾಗುವಾಗಲೂ ಉಗ್ರಾಣದಲ್ಲಿ ಕುಳಿತಾಗಲೂ ಅದನ್ನು ಕಾಯುವ ಕೆಲಸ ಬೇರೆಯೇ.

ಇನ್ನು ಜನರು ಎಂಥ ಮಾತುಗಳನ್ನು ಆರಿಸುತ್ತಾರೆ? ೧೯೭೯ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ೩,೨೮೯ ಪಾಸ್‌ವರ್ಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ೨,೮೩೧ ತೀರ ಚಿಕ್ಕವು ಇಲ್ಲವೆ ಸುಲಭವಾಗಿ ಊಹಿಸಬಹುದಾದವು ಎಂದು ಪ್ರಕಟಿಸಿದರು. ನೂರಕ್ಕೆ ೮೬! ಉದ್ದನೆಯ ಮಾತು ಗಟ್ಟಿಯಾದದ್ದೇ ನಿಜ. ಆದರೆ ಉದ್ದನೆಯ ಮಾತನ್ನು ಕಣ್ಣು ಕಟ್ಟಿಕೊಂಡು ಬರೆಯುವುದು ಕಷ್ಟ. ಒಂದು ಅಕ್ಷರ ತಪ್ಪಿದರೂ ಎಲ್ಲಿ ತಪ್ಪಿತೆಂದು ತಿಳಿಯದು.

ಈ ಕಷ್ಟ ಎಲ್ಲರಿಗೂ ಒಂದೇ ಸಮನಾಗಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರವೆಂಬ ಭೇದವಿಲ್ಲ. ಪಾಸ್‌ವರ್ಡುಗಳನ್ನು ಮಾತ್ರ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆ ಬೆರೆಸಿ ಬರೆಯಬೇಕು. ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಗೆ, ಬೆರಳು ನಡುಗುವ ಅಜ್ಜನಿಗೆ ಕಾಣದ ಅಕ್ಷರವನ್ನು ತಿದ್ದಿಕೊಳ್ಳುವುದು ಹೇಗೆ? ಮೂರು ಸಲ ತಪ್ಪಿದ ಮೇಲೆ ಅವರು ಮಾಡುವುದಿಷ್ಟೆ: ಚೀಟಿಯಲ್ಲಿ ಪಾಸ್‌ವರ್ಡ್ ಬರೆದು ಪೇಟೆಯ ಅಂಗಡಿಯ ಹುಡುಗನ ಕೈಗೆ ಕೊಡುತ್ತಾರೆ. ‘ಸ್ವಲ್ಪ ನೀನೇ ಹಾಕಪ್ಪ’ ಎನ್ನುತ್ತಾರೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಪಕ್ಕದವರು ನೋಡಬಾರದೆಂದು ಮಾಡಿದ ಉಪಾಯವೇ ಪಕ್ಕದವನ ಕೈಗೆ ಗುಟ್ಟನ್ನು ಒಪ್ಪಿಸಿತಷ್ಟೆ.

ನಮ್ಮ ಕರಾವಳಿಯ ಹಿರಿಯರಿಗೆ ಇದು ಪರಿಚಯದ ಸಂಕಟ. ಭಾರತದಲ್ಲಿ ಅಂಚೆಕಾರ್ಡು ಬಂದದ್ದು ೧೮೭೯ರಲ್ಲಿ. ಓದುಬರಹ ಬಾರದವರು ಮುಂಬಯಿಗೆ ದುಡಿಯಹೋದ ಮಗನಿಗೆ ಕಾಗದ ಹಾಕಬೇಕಾದರೆ ಮಾಸ್ತರರ ಮುಂದೆಯೋ ಅಂಚೆಯವನ ಮುಂದೆಯೋ ಕುಳಿತು ಮನೆಯ ಸಾಲ, ಸೊಸೆಯ ಬಸುರು, ಗದ್ದೆಯ ತಂಟೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿತ್ತು. ಅಂಕೋಲೆಯ ದಿನಕರ ದೇಸಾಯಿಯವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ನಡೆಸಿದರು. ಅಂಥ ಶಾಲೆಗಳಿಂದ ಬಡವರ ಮಕ್ಕಳಿಗೆ ದೊರೆತ ಲಾಭಗಳಲ್ಲಿ ಇದೂ ಒಂದು: ತನ್ನ ಮನೆಯ ಮಾತನ್ನು ತಾನೇ ಬರೆದು ತಾನೇ ಲಕೋಟೆ ಅಂಟಿಸುವ ಸ್ವಾತಂತ್ರ್ಯ. ಅಕ್ಷರ ಬಲ್ಲವರೂ ಚುಕ್ಕೆಗಳ ಮುಂದೆ ಮತ್ತೆ ಇನ್ನೊಬ್ಬರ ಕೈ ಕಾಯುವಂತಾಗುವುದು ನ್ಯಾಯವೆ?

ತಿಳಿದವರು ಈ ಪ್ರಶ್ನೆಯನ್ನು ಎತ್ತದೆ ಇರಲಿಲ್ಲ. ೧೯೯೫ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ಎರಡನೆಯ ಆವೃತ್ತಿಯ ನಿಯಮಗಳಲ್ಲಿಯೇ, ಬರೆದುದನ್ನು ಮರೆಮಾಡುವ ಪಾಸ್‌ವರ್ಡ್ ಪೆಟ್ಟಿಗೆಗೆ ಸ್ಥಾನ ದೊರೆತಿತ್ತು. ೨೦೦೯ರಲ್ಲಿ ಯಾಕೊಬ್ ನೀಲ್ಸನ್ ಎಂಬ ತಜ್ಞರು, ಈ ಮರೆಯಿಂದ ತಪ್ಪುಗಳೇ ಹೆಚ್ಚುತ್ತವೆ, ಇದನ್ನು ಬಿಡಬೇಕು ಎಂದು ವಾದಿಸಿದರು. ಪೂರ್ತಿ ಬಿಡುವುದೂ ಅಪಾಯವೆಂದು ಆಕ್ಷೇಪಗಳು ಬಂದವು. ನಡುವಣ ದಾರಿಯಾಗಿ ಉಳಿದದ್ದು ಕಣ್ಣಿನ ಗುಂಡಿ. ೨೦೧೨ರ ವಿಂಡೋಸ್ ೮ರಲ್ಲಿ ಅದು ಕಾಣಿಸಿಕೊಂಡಿತು. ೨೦೧೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯೂ, ಬರೆದ ಪಾಸ್‌ವರ್ಡನ್ನು ನೋಡಿಕೊಳ್ಳುವ ಅವಕಾಶವನ್ನು ಜನರಿಗೆ ಕೊಡಬೇಕೆಂದು ಸಲಹೆ ಮಾಡಿತು.

ನಿಮ್ಮ ಮನೆಯಲ್ಲಿ ಇಂಥ ಪುಟಗಳನ್ನು ಕಟ್ಟುವ ತರುಣರಿದ್ದರೆ ಅವರಿಗೆ ನಾಲ್ಕು ಮಾತು ಹೇಳಿರಿ. ಕೆಲಸ ಬಹಳ ಚಿಕ್ಕದು. ಪೆಟ್ಟಿಗೆಯ ಬಗೆಯನ್ನು ‘ಪಾಸ್‌ವರ್ಡ್’ ಎಂಬುದರಿಂದ ‘ಟೆಕ್ಸ್ಟ್’ ಎಂಬುದಕ್ಕೂ, ಮತ್ತೆ ಹಿಂದಕ್ಕೂ ಬದಲಿಸಿದರಾಯಿತು. ಒಳಗಿನ ಮಾತು ಅಳಿಯುವುದಿಲ್ಲ. ಮೊದಲಿಗೆ ಮರೆಯೇ ಇರಲಿ. ಬರಿಯ ಕಣ್ಣಿನ ಚಿತ್ರ ಎಲ್ಲರಿಗೂ ಅರ್ಥವಾಗದು. ‘ತೋರಿಸು’, ‘ಮರೆಮಾಡು’ ಎಂದು ಕನ್ನಡದಲ್ಲಿ ಬರೆದಿರಲಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಆ ಗುಂಡಿಯ ಹೆಸರು ಸಿಗುವಂತಿರಲಿ. ಮುಖ್ಯವಾಗಿ, ಪುಟವನ್ನು ಕಳಿಸುವ ಮುನ್ನ ಪೆಟ್ಟಿಗೆ ತಾನಾಗಿ ಮರೆಗೆ ಮರಳಲಿ. ಇಲ್ಲವಾದರೆ ಬ್ರೌಸರು ಅದನ್ನು ಸಾಮಾನ್ಯ ಬರಹವೆಂದು ತಿಳಿದು ನೆನಪಿಟ್ಟುಕೊಂಡು, ಮುಂದೆ ಬಂದವರಿಗೆ ತೋರಿಸೀತು.

ಬಳಸುವ ನಮಗೂ ವಿವೇಕ ಬೇಕು. ಕಾರವಾರದ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತಾಗ, ಅಂಗಡಿಯ ಕಟ್ಟೆಯ ಮುಂದೆ ನಾಲ್ಕು ಜನ ನಿಂತಾಗ, ಆ ಕಣ್ಣು ಮುಚ್ಚಿಯೇ ಇರಲಿ. ಮನೆಯ ಜಗಲಿಯಲ್ಲಿ ಒಬ್ಬರೇ ಕುಳಿತಾಗ ಅದನ್ನು ತೆರೆಯಲು ಸಂಕೋಚ ಬೇಡ. ಉದ್ದನೆಯ, ಗಟ್ಟಿಯಾದ ಮಾತೊಂದನ್ನು ಆರಿಸಿ, ಒಂದೊಂದೇ ಅಕ್ಷರವನ್ನು ನೋಡಿಕೊಂಡು ಬರೆಯಿರಿ. ಮನೆಯ ಹಿರಿಯರಿಗೆ ಆ ಗುಂಡಿಯನ್ನು ಒಮ್ಮೆ ತೋರಿಸಿಕೊಡಿ. ಅವರ ಪಾಸ್‌ವರ್ಡನ್ನು ಮಾತ್ರ ಅವರೇ ಬರೆಯಲಿ.