ಮಸಿಯ ಗೆರೆಯೂ ಮನುಷ್ಯಾಕೃತಿಯೂ

ಕನ್ನಡದಲ್ಲಿ ನಾವು ಕಾಗದವನ್ನು ಬರೆಯುತ್ತೇವೆ, ಲೆಕ್ಕವನ್ನು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮೂರಕ್ಕೂ ಒಂದೇ ಕ್ರಿಯಾಪದ. ಸಂಸ್ಕೃತದ ಲಿಖ್ ಧಾತುವೂ ಹಾಗೆಯೇ. ಗೀರುವುದೆಂಬುದು ಅದರ ಹಳೆಯ ಅರ್ಥ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ, ಆ ಗೀರಿನಲ್ಲಿ ಕಾಡಿಗೆ ಉಳಿಯುವಂತೆ ತೊಡೆದು ಒರೆಸಿದರೆ ಅಕ್ಷರವು ಕಪ್ಪಾಗಿ ಮೂಡುತ್ತಿದ್ದಿತು. ಅದೇ ಕಂಟದಿಂದ ಪಕ್ಕದಲ್ಲಿ ಒಂದು ಬೊಂಬೆಯನ್ನು ಗೀರಿದರೆ ಅದೂ ಮೂಡುತ್ತಿದ್ದಿತು. ತಪ್ಪಿದ ಗೀರನ್ನು ಅಳಿಸುವ ಉಪಾಯ ಮಾತ್ರ ಇರಲಿಲ್ಲ. ಇಂದು ಬಿಡುವಿನ ವೇಳೆಯಲ್ಲಿ ಲೇಖನಿಯನ್ನೂ ಮಸಿಯನ್ನೂ ಹಿಡಿದು ಮನುಷ್ಯನ ಆಕೃತಿಯನ್ನು ಬರೆಯಲು ಕುಳಿತವನು ಆ ಹಳೆಯ ಕಟ್ಟುಪಾಡಿಗೇ ಒಳಗಾಗುತ್ತಾನೆ. ಸೀಸದ ಕಡ್ಡಿಯಲ್ಲಿ ಬರೆಯುವವನು ಬರೆದ ಮೇಲೆ ಯೋಚಿಸಬಹುದು. ಮಸಿಯಲ್ಲಿ ಬರೆಯುವವನು ಮೊದಲು ಯೋಚಿಸಬೇಕು.

ಇಷ್ಟು ಹತ್ತಿರದ ನೆಂಟಸ್ತಿಕೆಯಿದ್ದರೂ ಓದುಬರಹ ಬಲ್ಲ ನಮ್ಮ ಜನರಲ್ಲಿ ನೂರಕ್ಕೆ ಒಬ್ಬನಾದರೂ ನಿಂತ ಮನುಷ್ಯನೊಬ್ಬನನ್ನು ನಾಲ್ಕು ಗೆರೆಗಳಲ್ಲಿ ನಿಲ್ಲಿಸಬಲ್ಲನೆ? ಇದಕ್ಕೆ ಕಾರಣವನ್ನು ಕೈಯ ಅಶಕ್ತಿಯಲ್ಲಿ ಹುಡುಕುವುದಕ್ಕಿಂತ ಕಲಿಸಿದ ಕ್ರಮದಲ್ಲಿ ಹುಡುಕುವುದು ಮೇಲು. 1850ರಲ್ಲಿ ಮದರಾಸಿನಲ್ಲಿಯೂ 1857ರಲ್ಲಿ ಮುಂಬಯಿಯಲ್ಲಿಯೂ ಚಿತ್ರಕಲಾ ಶಾಲೆಗಳು ಹುಟ್ಟಿದವು. ಅಲ್ಲಿಗೆ ಬಂದ ಪಾಠಕ್ರಮವು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನದು. ಕೈಗಾರಿಕೆಗೆ ನಕ್ಷೆ ತೆಗೆಯುವವರನ್ನು ತಯಾರಿಸುವುದು ಅದರ ಮುಖ್ಯ ಉದ್ದೇಶ. ಆದ್ದರಿಂದ ಅಚ್ಚಿನ ಹಾಳೆಯನ್ನು ನೋಡಿ ಅಂಚುಗೆರೆಯನ್ನು ನಕಲು ಮಾಡುವುದು ಅಲ್ಲಿ ಮೊದಲನೆಯ ಮೆಟ್ಟಿಲಾಯಿತು. ಮೈಸೂರಿನಲ್ಲಿ 1906ರಲ್ಲಿ ಅಸ್ತಿಭಾರ ಬಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್ಸ್‌ಟಿಟ್ಯೂಟಿನಲ್ಲಿಯೂ ಚಿತ್ರಕಲೆ ಹಲವು ಕಸಬುಗಳ ಮಧ್ಯೆ ಒಂದಾಗಿ ನಿಂತಿತು. ಕಸಬನ್ನು ಹಗುರವಾಗಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಕ್ರಮದ ನೆರಳು ಸಾಮಾನ್ಯ ಶಾಲೆಗಳ ಡ್ರಾಯಿಂಗ್ ತರಗತಿಗೆ ಬೀಳುವ ವೇಳೆಗೆ ಅಲ್ಲಿ ಉಳಿದದ್ದು ಒಂದು ಹೂಜಿ, ಒಂದು ಎಲೆ, ಒಂದು ಚೌಕದ ಪೆಟ್ಟಿಗೆ. ಮನುಷ್ಯನ ಮೈ ಅಲ್ಲಿಗೆ ಬರಲೇ ಇಲ್ಲ. ಅದನ್ನು ಕಲಿಯಬೇಕೆಂದವನು ಮನೆಯಲ್ಲಿ ತಾನೇ ಕಲಿಯಬೇಕಾಯಿತು.

ಹಾಗೆ ಕಲಿತವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಆರ್. ಕೆ. ಲಕ್ಷ್ಮಣರದು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಈತನಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು, ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, 1942ರಲ್ಲಿ ಡಾ. ಎಂ. ಶಿವರಾಂ ಅವರು ಆರಂಭಿಸಿದ ‘ಕೊರವಂಜಿ’ಗೂ ಬರೆದರು. ತಮ್ಮ ಆತ್ಮಕಥೆಯಲ್ಲಿ ಅವರು ಬಾಲ್ಯದ ಅಭ್ಯಾಸವನ್ನು ನೆನೆದಿದ್ದಾರೆ. ಕೋಣೆಯ ಕಿಟಕಿಯಿಂದ ಕಂಡದ್ದೆಲ್ಲವೂ ಅವರಿಗೆ ಪಾಠ: ಒಣಗಿದ ಕಡ್ಡಿ, ಎಲೆ, ಮಾಡಿನ ಮೇಲಣ ಕಾಗೆಯ ನಾನಾ ಭಂಗಿ, ಸೌದೆ ಒಡೆಯುತ್ತಿದ್ದ ಆಳು. ಈ ಕೊನೆಯದನ್ನು ಗಮನಿಸಬೇಕು. ಸೌದೆ ಒಡೆಯುವವನು ಚಿತ್ರಗಾರನಿಗಾಗಿ ನಿಲ್ಲುವುದಿಲ್ಲ. ಆದರೆ ಅವನ ಕೊಡಲಿ ಮತ್ತೆ ಮತ್ತೆ ಅದೇ ದಾರಿಯಲ್ಲಿ ಏರಿ ಇಳಿಯುತ್ತದೆ. ತಪ್ಪಿಹೋದ ಭಂಗಿಯು ಅರೆನಿಮಿಷದಲ್ಲಿ ತಿರುಗಿ ಬರುತ್ತದೆ. ಹಣ ತೆತ್ತು ಆಳನ್ನು ನಿಲ್ಲಿಸಿಕೊಳ್ಳಲಾರದ ಹವ್ಯಾಸಿಗೆ ಇದಕ್ಕಿಂತ ಉತ್ತಮ ಪಾಠಶಾಲೆ ಇಲ್ಲ.

ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರೂ ಇಂಥ ಹವ್ಯಾಸಿಯೇ. ‘ಹಸುರು ಹೊನ್ನು’ ಪುಸ್ತಕಕ್ಕೆ ಗೆರೆಚಿತ್ರಗಳನ್ನು ತಾವೇ ಬರೆದುಕೊಂಡರು. ಗೆರೆಯ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಲಿಲ್ಲ.

ಈಗ ನಮ್ಮ ಮಲೆನಾಡಿನ ಮೂರು ತಾಲ್ಲೂಕುಗಳ ಕಡೆಗೆ ಬರೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಇವು ಹಿಂದೆ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದವು. ಇಲ್ಲಿಯ ಹವ್ಯಾಸಿಗೆ ಕಲಾಶಾಲೆಯಾಗಲಿ ಚಿತ್ರಸಂಗ್ರಹಾಲಯವಾಗಲಿ ಹತ್ತಿರದಲ್ಲಿಲ್ಲ. ಆದರೂ ಆಕೃತಿಯನ್ನು ಕಲಿಯುವುದಕ್ಕೆ ಇಷ್ಟು ಅನುಕೂಲವಾದ ಸೀಮೆ ನಾಡಿನಲ್ಲಿ ಬಹಳವಿಲ್ಲವೆಂದು ನನ್ನ ಎಣಿಕೆ.

ಶೃಂಗೇರಿಯಲ್ಲಿ ತುಂಗೆಯ ದಡದ ಮೇಲೆ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯವಿದೆ. ಹನ್ನೆರಡು ರಾಶಿಗಳ ಕಂಬಗಳನ್ನೂ, ಸಿಂಹದ ಬಾಯಿಯಲ್ಲಿ ಉರುಳುವ ಕಲ್ಲುಗುಂಡನ್ನೂ ನೋಡಿ ಬೆರಗಾಗಿ ಯಾತ್ರಿಕರು ಹಿಂದಿರುಗುತ್ತಾರೆ. ಚಿತ್ರ ಕಲಿಯುವವನು ನಿಲ್ಲಬೇಕಾದದ್ದು ಹೊರಗೋಡೆಯ ಮುಂದೆ. ಅಲ್ಲಿ ದೇವತೆಗಳೂ ಋಷಿಗಳೂ ಗುರುಶಿಷ್ಯರೂ ಸಾಲಾಗಿದ್ದಾರೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ಉಬ್ಬುಶಿಲ್ಪದ ಅಂಚು ಮಸಿಯ ಗೆರೆಯಂತೆಯೇ ಕಾಣುತ್ತದೆ. ನಡುಹಗಲಿನಲ್ಲಿ ಅದೇ ಆಕೃತಿ ಗೋಡೆಯಲ್ಲಿ ಕರಗಿಹೋಗುತ್ತದೆ. ದೇಹದ ಭಾರ ಎರಡು ಕಾಲಿಗೂ ಸಮನಾಗಿದ್ದರೆ ಸಮಭಂಗ. ಒಂದು ಕಾಲಿಗೆ ತುಸು ವಾಲಿದರೆ ಆಭಂಗ. ತಲೆ, ಎದೆ, ಸೊಂಟ ಮೂರೂ ಬೇರೆ ಬೇರೆ ಓರೆಯಲ್ಲಿದ್ದರೆ ತ್ರಿಭಂಗ. ಮೂರನ್ನೂ ಹೆಸರಿನಿಂದ ಅರಿತವನು ಬಸ್ಸಿಗೆ ಕಾದು ನಿಂತವರಲ್ಲಿಯೂ ಅವನ್ನು ಕಾಣಬಲ್ಲನು.

ಸಮಭಂಗವನ್ನು ಅದರ ಕಟ್ಟುನಿಟ್ಟಿನಲ್ಲಿ ನೋಡಬೇಕಾದರೆ ಜೈನಶಿಲ್ಪದ ಕಾಯೋತ್ಸರ್ಗಕ್ಕೆ ಸಮನಾದುದು ಇಲ್ಲ. ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಸಿಂಹನಗದ್ದೆಯು ಜ್ವಾಲಾಮಾಲಿನಿಯ ಕ್ಷೇತ್ರವೆಂದು ಪ್ರಸಿದ್ಧ. ಜೈನಪ್ರತಿಮೆಯ ಪರಂಪರೆ ಈ ಸೀಮೆಗೆ ಹೊಸದಲ್ಲ. ಕೈಗಳು ಇಳಿಬಿದ್ದು, ದೃಷ್ಟಿ ನೇರವಾಗಿ, ಮೈಯ ಎಡಬಲ ತಕ್ಕಡಿಯಂತೆ ತೂಗಿ ನಿಂತ ಆ ಭಂಗಿಯಲ್ಲಿ ಅಡಗಿಕೊಳ್ಳುವುದಕ್ಕೆ ಒಂದು ಮಡಿಕೆಯೂ ಇಲ್ಲ. ಹೆಗಲು ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿ ಅಳತೆಯ ವಿಷಯವಾಗಿ ಒಂದು ಮಾತು. ನಮ್ಮ ಶಿಲ್ಪಶಾಸ್ತ್ರದಲ್ಲಿ ಉತ್ತಮ ದಶತಾಲದ ಪ್ರತಿಮೆ 124 ಅಂಗುಲ, ನವತಾಲದ್ದು 108 ಅಂಗುಲ. ಇದನ್ನು ಕೇಳಿ ಕೆಲವರು ನಗುವುದುಂಟು: ಮನುಷ್ಯನ ಎತ್ತರ ತಲೆಯ ಏಳೂವರೆಯಷ್ಟು ತಾನೆ, ಹತ್ತು ತಲೆಯ ಎತ್ತರದ ದೇಹ ಎಲ್ಲಿಯದು ಎಂದು. ಅವರು ತಾಲವನ್ನು ತಲೆಯೆಂದು ಓದಿಕೊಂಡಿದ್ದಾರೆ. ತಾಲವೆಂದರೆ ಹಣೆಯ ಕೂದಲಂಚಿನಿಂದ ಗಲ್ಲದವರೆಗಿನ ಮುಖ. ನೆತ್ತಿ ಅದಕ್ಕೆ ಸೇರದು. ನಿಮ್ಮ ಅಂಗೈಯ ಬುಡವನ್ನು ಗಲ್ಲಕ್ಕಿಟ್ಟು ನೋಡಿ, ನಡುಬೆರಳ ತುದಿ ಹೆಚ್ಚುಕಡಿಮೆ ಕೂದಲಂಚಿಗೆ ತಾಕುತ್ತದೆ. ಅಷ್ಟು ಒಂದು ತಾಲ. ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ಕೂಡ ಮುಖವು ದೇಹದ ಹತ್ತರಲ್ಲೊಂದು ಭಾಗವೆಂದೇ ಬರೆದಿದ್ದಾನೆ. ಆದ್ದರಿಂದ ದಶತಾಲವು ಅಸಾಧ್ಯವಾದ ದೇಹವೇನೂ ಅಲ್ಲ. ಹವ್ಯಾಸಿಯು ಯಾವ ಅಳತೆಗೋಲನ್ನು ಹಿಡಿದರೂ ಒಂದನ್ನೇ ಹಿಡಿಯಲಿ.

ಇಷ್ಟಾದರೂ ಕಲ್ಲಿನಿಂದ ಮೊದಲುಮಾಡಿರೆಂದು ನಾನು ಹೇಳಲಾರೆ. ಶಿಲ್ಪಿಯು ಯಾವ ಗೆರೆಯನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆರುನೂರು ವರ್ಷಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾನೆ. ಅವನನ್ನು ನಕಲು ಮಾಡಿದವನಿಗೆ ಅವನ ತೀರ್ಮಾನ ಸಿಕ್ಕುತ್ತದೆ. ತೀರ್ಮಾನಿಸುವ ಶಕ್ತಿ ಸಿಕ್ಕುವುದಿಲ್ಲ. ಅದು ಬರಬೇಕಾದರೆ ದೇವಾಲಯಕ್ಕೆ ಮೊದಲು ಅಡಿಕೆಯ ಅಂಗಳಕ್ಕೆ ಹೋಗಬೇಕು. ಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿಯ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವವರನ್ನು ನೋಡಿ. ಗಂಟೆಗಟ್ಟಲೆ ಒಂದೇ ಭಂಗಿ. ಬಾಯಿ ಮಾತ್ರ ಊರ ಸುದ್ದಿಯಲ್ಲಿರುತ್ತದೆ. ಬೆನ್ನಿನ ಬಾಗು, ಮಡಿಸಿದ ಮೊಳಕಾಲು, ಕತ್ತಿಯ ಕಡೆಗೆ ಚಾಚಿದ ಮೊಳಕೈ, ಒಂದೇ ಕಡೆಯಿಂದ ಬೀಳುವ ದೀಪದ ಬೆಳಕು. ಇವನ್ನು ಒದಗಿಸಿಕೊಳ್ಳಲು ಪಾರಿಸಿನ ಚಿತ್ರಶಾಲೆಗಳು ಹಣ ತೆರುತ್ತಿದ್ದವು.

ಈ ಭಂಗಿಗಳಲ್ಲಿ ಕೆಲವು ನಮ್ಮ ಕಣ್ಣ ಮುಂದೆಯೇ ಸರಿದುಹೋಗುತ್ತಿವೆ. ಸುಲಿಯುವುದಕ್ಕೆ ಯಂತ್ರ ಬಂದಿದೆ. ನಾಟಿಯ ಹೆಂಗಸರ ಬೆನ್ನಿನ ಮೇಲಣ ಗೊರಬು ಪ್ಲಾಸ್ಟಿಕ್ಕಿಗೆ ಎಡೆ ಕೊಟ್ಟು ಅಪರೂಪವಾಗಿದೆ. ಕಂಬಳಿಯ ಕೊಪ್ಪೆಯೂ ಹಾಗೆಯೇ. ಗೊರಬನ್ನು ವಸ್ತುಸಂಗ್ರಹಾಲಯದ ಗೋಡೆಗೆ ತೂಗುಹಾಕಬಹುದು. ಆದರೆ ಅದನ್ನು ಹೊತ್ತವಳು ಗೊರಬು ಜಾರದಂತೆ ಕತ್ತನ್ನು ಹೇಗೆ ಹಿಡಿಯುತ್ತಿದ್ದಳು, ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುವಾಗ ಹಿಮ್ಮಡಿಯನ್ನು ಹೇಗೆ ಊರುತ್ತಿದ್ದಳು ಎಂಬುದು ಗೋಡೆಯ ಮೇಲೆ ತೂಗುವುದಿಲ್ಲ. ಛಾಯಾಚಿತ್ರವಿದೆಯಲ್ಲ ಎಂದರೆ, ಇದೆ. ಅದು ಮಳೆಯನ್ನೂ ಕೆಸರನ್ನೂ ಹಿಂದಿನ ಮರವನ್ನೂ ಸಮನಾಗಿ ಹಿಡಿಯುತ್ತದೆ. ಭಾರ ಎಲ್ಲಿ ಬಿದ್ದಿದೆಯೆಂಬುದೊಂದನ್ನೇ ಆರಿಸಿ ಹೇಳುವುದು ಗೆರೆಯ ಕೆಲಸ.

ಸಾಮಗ್ರಿಯ ವಿಚಾರಕ್ಕೆ ಹೆಚ್ಚು ಮಾತು ಬೇಡ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಮಸಿ ಮಾಡಿಕೊಳ್ಳುತ್ತಿದ್ದರು. ಬರೆದಾಗ ತಿಳಿಯಾಗಿದ್ದು, ಗಾಳಿ ತಾಕಿದಂತೆ ಕಪ್ಪೇರುವ ಮಸಿ ಅದು. ಕಬ್ಬಿಣದ ಅಂಶವಿರುವುದರಿಂದ ಕಾಲಕ್ರಮದಲ್ಲಿ ಕಾಗದವನ್ನು ತಿನ್ನುತ್ತದೆ. ಕಾಡಿಗೆಯನ್ನು ಗೋಂದಿನಲ್ಲಿ ಅರೆದ ಮಸಿಯು ಕಾಗದದ ಮೇಲೆಯೇ ನಿಂತು, ಬಿಸಿಲಿಗೆ ಮಾಸದೆ ಉಳಿಯುತ್ತದೆ. ಅಂಗಡಿಯಲ್ಲಿ ಇಂಡಿಯನ್ ಇಂಕ್ ಎಂದು ಮಾರುವುದು ಈ ಎರಡನೆಯ ಜಾತಿಯದೇ. ಅದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬೇ ಆಗಬೇಕು. ಬಿದಿರಿನ ಸಣ್ಣ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ತುದಿಯನ್ನು ಸೀಳಿದರೂ ಲೇಖನಿಯಾಗುತ್ತದೆ, ಮಲೆನಾಡಿನಲ್ಲಿ ಬಿದಿರಿಗೆ ಬರವಿಲ್ಲ.

ಕಾಗದದ ಸಂಗತಿ ಬೇರೆ. ಆಷಾಢದ ತೇವಕ್ಕೆ ಅದು ಮೆತ್ತಗಾಗಿ, ಎಳೆದ ಗೆರೆ ಬೇರು ಬಿಟ್ಟಂತೆ ಹರಡಿಕೊಳ್ಳುತ್ತದೆ. ಅಂಟು ಹಾಕಿದ ಗಟ್ಟಿ ಕಾಗದವನ್ನು ಆರಿಸಿಕೊಂಡು, ಮಳೆಗಾಲದ ತಿಂಗಳುಗಳಲ್ಲಿ ಬೇಕಾದಷ್ಟು ಹಾಳೆಗಳನ್ನು ಒಲೆಯ ಬಿಸಿ ತಾಕುವ ಅಟ್ಟದ ಮೇಲೆ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ. ಹಾಳೆಯ ಅಂಚು ತುಸು ಹೊಗೆಬಣ್ಣಕ್ಕೆ ತಿರುಗಿದರೆ ತಿರುಗಲಿ.