ಕಿತ್ತೂರಿನ ಕೈದಿ ಕಲ್ಲು ಓದಿಸಿದ್ದು

ಬೈಲಹೊಂಗಲದಲ್ಲಿ ಬೆಳೆದ ನನಗೆ 1824ರ ಅಕ್ಟೋಬರ್ 23 ಎಂದರೆ ಕಿತ್ತೂರಿನ ಮೇಲೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತು ಬಿದ್ದ ದಿನ. ಅಂದು ಕಿತ್ತೂರಿನವರು ಸೆರೆ ಹಿಡಿದ ಇಬ್ಬರು ಕಂಪನಿ ಅಧಿಕಾರಿಗಳಲ್ಲಿ ಒಬ್ಬನಾದ ಸ್ಕಾಟ್ಲೆಂಡಿನ ವಾಲ್ಟರ್ ಎಲಿಯಟ್ ಮುಂದೇನಾದ ಎಂಬುದು ಗೊತ್ತಾದದ್ದು ನನಗೆ ಶಾಸನಗಳ ಹುಚ್ಚು ಹತ್ತಿದ ಮೇಲೆ.

ಸೆರೆಯಾದಾಗ ಅವನಿಗೆ ಇಪ್ಪತ್ತೊಂದು ವರ್ಷ. ಡಿಸೆಂಬರ್ ಆರಂಭದಲ್ಲಿ ಬಿಡುಗಡೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ಈ ಸೀಮೆಯ ಸಹವಾಸವೇ ಬೇಡ ಅನ್ನುತ್ತಿದ್ದರೇನೋ. ಈತ ಇಲ್ಲೇ ಉಳಿದು ಕಲ್ಲುಗಳ ಬೆನ್ನು ಹತ್ತಿದ. ಒಟ್ಟು 595 ಶಾಸನಗಳ ನಕಲು ಕೂಡಿಹಾಕಿ, 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದ.

ಕೆಲಸ ಸುಲಭದ್ದಲ್ಲ. ಫೋಟೊ ಇಲ್ಲದ ಕಾಲ. ಹಳೆಯ ಲಿಪಿ ಬಲ್ಲವರು ಕಲ್ಲಿನ ಮುಂದೆ ಕೂತು ಒಂದೊಂದೇ ಅಕ್ಷರ ಇಳಿಸಿಕೊಳ್ಳಬೇಕು. ಮೇಲೆ ಸೂರ್ಯ, ಚಂದ್ರ, ಲಿಂಗ, ಆಕಳು-ಕರು. ಕೆಳಗೆ ಎಣ್ಣೆ, ಕುಂಕುಮ, ಸುಣ್ಣ ಮೆತ್ತಿದ ಸಾಲುಗಳು. ಸವೆದ ಕಲ್ಲಿನಲ್ಲಿ ‘ವ’ ಯಾವುದು, ‘ಮ’ ಯಾವುದು ಎಂದು ಇಳಿಬಿಸಿಲಿನಲ್ಲಿ ನಾನೂ ತಡಕಾಡಿದ್ದೇನೆ. ಆ ನಕಲುಗಳಲ್ಲಿ ತಪ್ಪು ನುಸುಳಿದ್ದರೆ ಅಚ್ಚರಿಯಿಲ್ಲ.

ಎಲಿಯಟ್‌ನ ನಂತರ ಈ ಸೀಮೆಯ ಕಲ್ಲುಗಳನ್ನು ಓದಿದವರಲ್ಲಿ 1867ರಲ್ಲಿ ಭಾರತಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಜಾನ್ ಫ್ಲೀಟ್ ಒಬ್ಬ; ಸವದತ್ತಿಯ ರಟ್ಟ ಅರಸರ ಶಾಸನಗಳನ್ನು ಪ್ರಕಟಿಸಿದ. ಆದರೆ ನನಗೆ ಆತ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ: ಕಿತ್ತೂರಿಗಾಗಿ ಬಂಡೆದ್ದ ಸಂಗೊಳ್ಳಿ ರಾಯಣ್ಣನ ಬಗ್ಗೆ ಜನರ ಬಾಯಲ್ಲಿದ್ದ ಲಾವಣಿಯನ್ನೂ ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಕಂಪನಿ ಸರ್ಕಾರ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದವನ ಹಾಡು, ಬ್ರಿಟಿಷ್ ಅಧಿಕಾರಿಯ ಕೈಬರಹದಲ್ಲಿ!